ಹಗೇವಿಗಿಳಿದ ಮಾವಶಿ

ನಮ್ಮೂರು ಸೋನ್ಯಾಳದಲ್ಲಿ ನಾವೆಲ್ಲ ಚಿಕ್ಕಮ್ಮನಂತೆ ‘ಮಾವಶಿ’ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮುದುಕಿ ಹರೆಯದಲ್ಲಿ, ಹಿಂದಿನ ಯುದ್ಧದ ಕಾಲಕ್ಕೆ, ಸೈನಿಕ ಗಂಡನ ಜೊತೆ ಗಡಿಯ ಊರಿನಲ್ಲಿದ್ದವಳು. ಅವಳಿಗೆ ಮಕ್ಕಳೇ ಆಗಿರಲಿಲ್ಲವೆಂದು ನಾವು ತಿಳಿದಿದ್ದೆವು. ವಿಮಾನದ ಸದ್ದು ಕೇಳಿದರೆ ಕಿವಿಗೆ ಅರಳೆ ಇಟ್ಟುಕೊಂಡು, “ಬಾಯಿ ತಕ್ಕೊಂಡ ಇರ್ರಿ, ಇಲ್ಲಂದ್ರ ಬಾಂಬಿನ ಸದ್ದಿಗೆ ಕಿವಿ ಒಡೀತಾವ” ಎನ್ನುತ್ತಿದ್ದಳು.

ಈಚಿನ ಯುದ್ಧದ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳ ಮನೆಯ ಟೀವಿಯಲ್ಲಿ ಸೈರನ್ ಕೂಗಿತು. ನಾನು ಹೋಗಿ ನೋಡಿದರೆ ಮಾವಶಿ ಕಾಣಲಿಲ್ಲ. ಅಂಗಳದಲ್ಲಿ ಹಿಂದೆ ಜೋಳ ತುಂಬುತ್ತಿದ್ದ, ನೆಲದೊಳಗಿನ ಹಗೇವಿನ ಬಾಯಿ ತೆರೆದಿತ್ತು. ನಾನು ಇಳಿದೆ. ಕತ್ತಲಲ್ಲಿ ಅವಳು ಮೆಲ್ಲಗೆ ನೆಲ ತಟ್ಟುತ್ತ ಕೂತಿದ್ದಳು.

“ಅತ್ಲಾಗ ಸರಿ ತಂಗಿ, ಕೂಸು ಮಲಗ್ಯದ.”

ನಾನು ಸರಿದು ಕೂತೆ.

“ವಿಮಾನ ಹೋದುವು, ಬರ್ರಿ ಮಾವಶಿ” ಎಂದು ನಾನೇ ಮೊದಲು ಮೇಲೆ ಹತ್ತಿದೆ. ಅವಳು ಕೆಳಗಿನಿಂದ ಖಾಲಿ ಕೈಗಳನ್ನು ಎತ್ತಿ ಹಿಡಿದಳು.

“ಆಗ ಅಡಗಿದ್ದ ಕಂದಕದಾಗ ಮಣ್ಣ ಕುಸೀತು, ಕೂಸನ್ನ ತಗೀಲಿಕ್ಕಾಗಲಿಲ್ಲ. ಈಗ ಮೊದ್ಲ ಕೂಸನ್ನ ತಗೋ.”

ನಾನು ಎರಡೂ ಕೈ ಚಾಚಿ ಎತ್ತಿಕೊಂಡೆ.