ಮಾವನ ಎರಡು ‘ನೋಡೋಣ’

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ದೊಡ್ಡ ಮಾತುಗಳೂ ಬರುವುದಿಲ್ಲ. ಎದ್ದು ನಿಂತು ಓದು ಎಂದರೆ ಗಂಟಲು ಕಟ್ಟುತ್ತಿತ್ತು, ಅದಕ್ಕೇ ಬಿಟ್ಟೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಾಳೆ ಪತ್ರಿಕೆಯವರು ನನ್ನ ಸೋದರಮಾವನ ಬಗ್ಗೆ ಏನು ಬೇಕಾದರೂ ಬರೆಯಬಹುದು. ಅದಕ್ಕೆ ಮೊದಲು ನಾನು ಕಂಡದ್ದನ್ನು, ಕೇಳಿದ್ದನ್ನು ಹೇಳಿಬಿಡುತ್ತೇನೆ. ಕಾಣದ್ದನ್ನು ಕಂಡೆ ಎನ್ನುವುದಿಲ್ಲ.

ಮಾವ ಮೊದಲು ಔಷಧ ಕಂಪನಿಯ ಪ್ರತಿನಿಧಿ. ಕಪ್ಪು ಬ್ಯಾಗು ಹಿಡಿದು ಡಾಕ್ಟರುಗಳ ಬಾಗಿಲಲ್ಲಿ, ರೋಗಿಗಳೆಲ್ಲ ಮುಗಿಯುವ ತನಕ ಕಾಯುವ ಕೆಲಸ. ಇದು ನಾನು ಹುಟ್ಟುವ ಮುಂಚಿನ ಮಾತು, ಅತ್ತೆ ಹೇಳಿದ್ದು. ಹಾಗೆ ಕಾಯುತ್ತಿದ್ದ ಬಾಗಿಲೊಂದರ ಒಳಗಿದ್ದ ಡಾಕ್ಟರು ಚುನಾವಣೆಗೆ ನಿಂತು ಗೆದ್ದರು. “ನಿನ್ನಷ್ಟು ತಾಳ್ಮೆಯಿಂದ ಕಾಯೋನನ್ನ ನಾನು ನೋಡಿಲ್ಲ, ನನ್ ಜೊತೆ ಬಾ” ಎಂದರಂತೆ. ಅವರು ಆರೋಗ್ಯ ಮಂತ್ರಿಯಾದಾಗ ಮಾವ ಅವರ ಆಪ್ತ ಸಹಾಯಕ. ಅವರು ಸೋತಾಗ ಔಷಧ ಕಂಪನಿಯೊಂದು ಮಾವನನ್ನು ಕರೆದುಕೊಂಡಿತು, ಸರ್ಕಾರಕ್ಕೆ ಔಷಧ ಮಾರುವ ವಿಭಾಗಕ್ಕೆ. ಯಾವ ಕಡತ ಯಾರ ಮೇಜಿನ ಮೇಲೆ ನಿದ್ದೆ ಮಾಡುತ್ತದೆ ಎಂಬುದು ಮಾವನಿಗೆ ಬಾಯಿಪಾಠ. ಈಗ ಆ ಡಾಕ್ಟರು ಸಾಹೇಬರು ಮತ್ತೆ ಗೆದ್ದು ಅದೇ ಖಾತೆಯ ಮಂತ್ರಿಯಾದರು, ಮತ್ತೆ ಕರೆದರು. ಮಾವ ಮತ್ತೆ ಹೋದರು.

ಎರಡೂ ಕಡೆ ಮಾವನಿಗೆ ಒಂದೇ ಅಡ್ಡಹೆಸರು: ಅಡ್ಡಗೋಡೆ ಸಾರ್. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ ಎಂದು. ಕೇಳಿದರೆ ಮಾವನೇ ನಗುತ್ತಿದ್ದರು.

ನಾನಿರುವುದು ಮಾವನ ಮನೆಯಲ್ಲೇ, ಫೋನ್ ಎತ್ತುವುದು ನನ್ನ ಕೆಲಸ. “ನಮ್ಮ ಹುಡುಗಿಗೆ ಬರೋದೇ ಎರಡು ಮಾತು. ಇದಾರೆ, ಇಲ್ಲ” ಎಂದು ಅತ್ತೆ ಕಾಡಿಸುತ್ತಾರೆ. ಫೋನ್ ಕೊಟ್ಟು ಅಲ್ಲೇ ತರಕಾರಿ ಹೆಚ್ಚುತ್ತಾ ಕೂತಿರುವುದರಿಂದ ಮಾವನ ಒಂದು ಗುಟ್ಟು ನನಗೆ ಗೊತ್ತಾಯಿತು. ಮಂತ್ರಿಗಳ ಕಚೇರಿಯಲ್ಲಿ ಯಾರಿಗೂ ‘ಇಲ್ಲ’ ಎನ್ನುವಂತಿಲ್ಲ, ಮತ ಹೋಗುತ್ತದೆ. ಅಲ್ಲಿ ‘ನೋಡೋಣ’ ಎಂದರೆ ಆಗುವುದಿಲ್ಲ ಎಂದು ಅರ್ಥ. ಕಂಪನಿಯಲ್ಲಿ ‘ಆಗಲಿ’ ಎನ್ನುವಂತಿಲ್ಲ, ಮಾತು ಕೊಟ್ಟ ಹಾಗಾಗಿ ನಾಳೆ ಕುತ್ತಿಗೆಗೆ ಬರುತ್ತದೆ. ಅಲ್ಲಿ ಮಾವ ‘ನೋಡೋಣ’ ಎಂದರೆ ಸಂಜೆಯೊಳಗೆ ಕೆಲಸ ಆಗಿರುತ್ತಿತ್ತು.

ಮಾವ ಕಂಪನಿ ಬಿಟ್ಟ ವಾರವೇ ಅಲ್ಲಿನ ಲ್ಯಾಬಿನ ಅಕ್ಕ ಮನೆಗೆ ಬಂದರು. ಔಷಧ ಪರೀಕ್ಷೆ ಮಾಡುವುದು ಅವರ ಕೆಲಸ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಸಾರ್, ಮಕ್ಕಳ ಜ್ವರದ ಸಿರಪ್ಪು. ಈ ಸಲ ಅದಕ್ಕೆ ಹಾಕಿರೋ ದ್ರಾವಕ ಸರಿಯಿಲ್ಲ. ಕುಡಿದ್ರೆ ಮಕ್ಕಳ ಕಿಡ್ನಿ ಹೋಗುತ್ತೆ.”

“ಯಜಮಾನ್ರಿಗೆ ಹೇಳಿದ್ಯೇನಮ್ಮಾ?”

“ಹೇಳ್ದೆ. ಇನ್ನೊಂದ್ಸಲ ಪರೀಕ್ಷೆ ಮಾಡು ಅಂದ್ರು. ಮಾಡ್ದೆ. ಆಮೇಲೆ ನನ್ನನ್ನೇ ಲ್ಯಾಬಿಂದ ಪ್ಯಾಕಿಂಗಿಗೆ ಹಾಕಿದ್ರು. ಮಕ್ಕಳ ಶಿಬಿರಕ್ಕೆ ಅಂತ ಮಾಲು ಆಗ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಹೋಗಿದೆ ಸಾರ್. ನೀವು ಮಂತ್ರಿಗಳಿಗೊಂದು ಮಾತು ಹೇಳಿ ವಾಪಸ್ ತರಿಸ್ಬೇಕು.”

ಮಾವ ಕಿಟಕಿಯ ಕಡೆ ನೋಡಿ, “ನೋಡೋಣ” ಎಂದರು.

“ಅಷ್ಟು ಸಾಕು ಸಾರ್!” ಅಕ್ಕನ ಕಣ್ಣಲ್ಲಿ ನೀರು ಬಂತು. ಚಹಾ ತರುವಷ್ಟರಲ್ಲಿ ಹೊರಟೇಹೋಗಿದ್ದರು.

ಇವತ್ತು ಬೆಳಿಗ್ಗೆ ಅವರ ಫೋನ್ ಬಂತು. ಮಾವ ಸ್ನಾನದ ಮನೆಯಲ್ಲಿದ್ದರು.

“ಪುಟ್ಟಿ, ಸಾರ್‌ಗೆ ತೊಂದ್ರೆ ಕೊಡ್ಬೇಡ. ಮಾಲು ವಾಪಸ್ ಬರೋ ಲಾರಿ ಯಾವಾಗ ಅಂತ ಕೇಳು ಸಾಕು. ನಾಳೆ ಎಲ್ಲ ಕಡೆ ಮಕ್ಕಳ ಆರೋಗ್ಯ ಶಿಬಿರ ಅಲ್ವಾ, ಅದಕ್ಕೇ ಜೀವ ಹೊಡ್ಕೋತಿದೆ.”

ಲಾರಿಯೇ ಇರಲಿಲ್ಲ. ಮಾವ ಯಾರಿಗೂ ಏನೂ ಹೇಳಿರಲಿಲ್ಲ.

ಸ್ನಾನ ಮುಗಿಸಿ ಬಂದ ಮಾವನಿಗೆ ಹೇಳಿದೆ. ಅವರು ಟವೆಲು ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಪುಟ್ಟಿ, ಅವತ್ತು ನೀನು ಅಲ್ಲೇ ಇದ್ದೆ. ನಾನು ಯಾವ ನೋಡೋಣ ಹೇಳ್ದೆ?”

ಅವರು ತಮಾಷೆ ಮಾಡುತ್ತಿರಲಿಲ್ಲ. ಮಾವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಇವತ್ತಿನ ತನಕ ಯಾವುದಕ್ಕೂ ಅಷ್ಟು ಹೆದರಿಕೆ ಆಗಿರಲಿಲ್ಲ. ಆದರೂ ಹೇಳಿದೆ: “ಸಾಹೇಬ್ರ ಕಚೇರೀದು, ಮಾವ.”

ಅವರು ಎದ್ದು ಸಾಹೇಬರಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೇ ಮಾತಾಡಿದರು, ನಮಗೂ ಕೇಳಿತು.

“ಏನಯ್ಯಾ ನೀನು! ಆ ಖರೀದಿ ಮಾಡಿಸ್ದೋನೇ ನೀನು, ಕಂಪನಿ ಕಡೆ ಕೂತು. ಈಗ ನನ್ ಕಡೆ ಕೂತು ಬೇಡ ಅಂತೀಯಾ? ನಿನ್ ಕೈಯಾರೆ ನಿನ್ ಕಣ್ಣು ಚುಚ್ಕೋಬೇಡ. ಶಿಬಿರ ಮುಗೀಲಿ, ಆಮೇಲೆ ನೋಡೋಣ.”

ಅದು ಯಾವ ‘ನೋಡೋಣ’ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಆಮೇಲೆ ಮಾವ ಮಾಡಿದ್ದನ್ನು ನಾನು ನಿಧಾನವಾಗಿ ಬರೆಯಬೇಕು, ತಪ್ಪಬಾರದು. ಅವರು ಆಸ್ಪತ್ರೆಗಳ ಔಷಧ ಉಗ್ರಾಣದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಎಲ್ಲರೂ ಬ್ಯಾಗು ಹೊತ್ತ ಕಾಲದಿಂದ ಪರಿಚಯದವರು.

“ಓಹೋ, ಅಡ್ಡಗೋಡೆ ಸಾರ್! ಈಗ ದೀಪ ಯಾವ ಕಡೆಗೆ ಬೆಳಗ್ತಿದೆ?” ಎಂದರು ಒಬ್ಬರು.

“ದೀಪಗೀಪ ಬಿಡಪ್ಪ. ಜ್ವರದ ಸಿರಪ್ಪು ಬಂದಿದೆಯಲ್ಲ, ಒಂದು ಪೆಟ್ಟಿಗೆನೂ ಒಡೀಬೇಡ. ಬೀಗ ಹಾಕು. ಸಾಹೇಬ್ರ ಆದೇಶ.”

“ಬರಹದಲ್ಲಿ ಬರುತ್ತಾ ಸಾರ್?”

“ಬರುತ್ತೆ.”

ಸುಳ್ಳು. ಸಾಹೇಬರ ಆದೇಶವೂ ಸುಳ್ಳು, ಬರುತ್ತೆ ಎಂದದ್ದೂ ಸುಳ್ಳು. ಪ್ರತಿ ಫೋನಿಗೂ ಮಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ಅತ್ತೆ ಬಾಗಿಲ ಚಿಲಕ ಹಾಕಿ, ಅದಕ್ಕೇ ಒರಗಿ ನಿಂತಿದ್ದರು. ಮಾವ ಅಷ್ಟು ನೇರವಾಗಿ ಮಾತಾಡಿದ್ದನ್ನು ನಾವಿಬ್ಬರೂ ಇವತ್ತೇ ಮೊದಲು ಕೇಳಿದ್ದು.

ಮಧ್ಯಾಹ್ನದ ಹೊತ್ತಿಗೆ ಯಾರೋ ಸಾಹೇಬರಿಗೆ ಸುದ್ದಿ ಮುಟ್ಟಿಸಿದ್ದಾರೆ. ಅವರ ಕಾರು ಬಂದು ಎದುರು ಮನೆಯ ಗೇಟಿಗೆ ಅಡ್ಡ ನಿಂತಿತು. ಡ್ರೈವರು ಇಳಿಯಲಿಲ್ಲ, ಹಾರ್ನೂ ಹಾಕಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

“ಹೋಗ್ಬೇಡ್ರೀ” ಎಂದು ಅತ್ತೆ ತೋಳು ಹಿಡಿದರು.

“ಹೋಗದಿದ್ರೆ ಈಗ್ಲೇ ಎಲ್ಲರಿಗೂ ಫೋನ್ ಮಾಡಿ ಬೀಗ ತೆಗೆಸ್ತಾರೆ ಕಣೇ. ಹೋದ್ರೆ ಒಂದಿಷ್ಟು ಹೊತ್ತು ಮಾತಲ್ಲಿ ಕಟ್ಟಿ ಹಾಕ್ಬಹುದು. ಅಷ್ಟರಲ್ಲಿ ಲ್ಯಾಬಿನವಳು ಔಷಧ ನಿಯಂತ್ರಣ ಕಚೇರಿಗೆ ಬಾಟಲಿ ಮುಟ್ಟಿಸ್ತಾಳೆ. ಆಗ್ಲೇ ಫೋನ್ ಮಾಡಿ ಹೇಳಿದೀನಿ, ಹೊರಟಿದಾಳೆ. ಏದುಸಿರು ಬಿಡ್ತಾ ಮಾತಾಡ್ತಿದ್ಲು, ಪಾಪ.” ಮಾವ ಚಪ್ಪಲಿ ಮೆಟ್ಟುವಾಗ ಎಡದ್ದನ್ನು ಬಲಕ್ಕೆ ಹಾಕಿಕೊಂಡರು. “ನೋಡಿದ್ಯಾ, ಕಾಲಿಗೂ ಯಾವ ಕಡೆ ಅಂತ ಗೊತ್ತಾಗ್ತಿಲ್ಲ” ಎಂದು ನಗಲು ಹೋದರು, ಆಗಲಿಲ್ಲ.

ಕಾರು ತಿರುವಿನಲ್ಲಿ ಮರೆಯಾಗಿ ಬಹಳ ಹೊತ್ತಾಯಿತು. ಮಾವನ ಫೋನ್ ಬಂದಿಲ್ಲ. ಲ್ಯಾಬಿನ ಅಕ್ಕನದು ಸ್ವಿಚ್ ಆಫ್ ಎಂದು ಬರುತ್ತಿದೆ. ಅತ್ತೆ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಾರೆ.

ಮಾವ ಫೋನ್ ಮಾಡಿದ ಆಸ್ಪತ್ರೆಗಳಲ್ಲಿ ಒಂದರವರು ಮಾತ್ರ ಎತ್ತಲೇ ಇಲ್ಲ. ಸೇತುವೆಯಾಚೆಯ ಚಿಕ್ಕ ಆಸ್ಪತ್ರೆ. ನಾವೂ ಮಾಡುತ್ತಲೇ ಇದ್ದೇವೆ, ಗಂಟೆ ಹೊಡೆದುಕೊಂಡು ಸುಮ್ಮನಾಗುತ್ತದೆ. ಅಲ್ಲಿನ ಪೆಟ್ಟಿಗೆಗಳಿಗೆ ಯಾರೂ ಬೀಗ ಹಾಕಿಲ್ಲ.

ಅಲ್ಲಿಗೆ ಹೋದರೆ ನನ್ನನ್ನು ಯಾರೆಂದು ಕೇಳುತ್ತಾರೆ. ಏನು ಹೇಳಬೇಕೆಂದು ಇಲ್ಲೇ ಗೋಡೆಗೆ ಮುಖ ಮಾಡಿ ಜೋರಾಗಿ ಹೇಳಿ ನೋಡಿದೆ. ಧ್ವನಿ ಒಡೆಯುತ್ತದೆ, ಆದರೆ ಮಾತು ಅರ್ಥವಾಗುತ್ತದೆ ಎಂದರು ಅತ್ತೆ. ಸಂಜೆಯ ಬಸ್ಸಿಗೆ ನಾನು ಆ ಆಸ್ಪತ್ರೆಗೆ ಹೋಗುತ್ತೇನೆ.