ಭಾವ ಒರೆಸುತ್ತಿದ್ದ ಹಿಂದಿನ ಸೀಟು

ಭಾವನ ಬಲಗಾಲಿನ ಚಪ್ಪಲಿಯ ಪಟ್ಟಿ ಸವೆದು ಕಪ್ಪಗೆ ಮಿಂಚುತ್ತಿತ್ತು. ಎಡಗಾಲಿನದು ಅಂಗಡಿಯಿಂದ ಈಗಷ್ಟೇ ತಂದಂತಿರುತ್ತಿತ್ತು. ಅವರ ಹಳೆಯ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಎಷ್ಟೋ ವರ್ಷಗಳಿಂದ ಇದನ್ನು ಬರೆಯಲು ಕೂತು ಈ ಚಪ್ಪಲಿಯವರೆಗೆ ಬಂದು ಪೆನ್ನು ಮುಚ್ಚಿಟ್ಟಿದ್ದೇನೆ.

ಹೋದ ತಿಂಗಳು ಅಕ್ಕನ ಮೊಮ್ಮಗ ತುಮಕೂರಿನಲ್ಲಿ ಯಾರದೋ ಗೇರಿಲ್ಲದ ಸ್ಕೂಟರಿನ ಮೇಲೆ ಎಂಟು ಹಾಕಿ ಲೈಸೆನ್ಸಿನ ಟೆಸ್ಟು ಪಾಸಾದ. ವಾರ ಕಳೆಯುವುದರೊಳಗೆ ಎಮ್ಮೆಯಂಥ ಬೈಕೊಂದನ್ನು ತಂದು ಅಕ್ಕ ಈಗಿರುವ ಮರಳೂರಿನ ಮನೆ ಮುಂದೆ ನಿಲ್ಲಿಸಿದ. ಅಕ್ಕ ಅದಕ್ಕೆ ಕುಂಕುಮ ಇಡುತ್ತಾ, "ನಿಮ್ ತಾತನ ಥರ ಓಡಿಸ್ಬ್ಯಾಡ ಕಣಪ್ಪ. ಅವತ್ತು ಹಿಂದೆ ಕೂತಿದ್ದ ಇವ್ನು ಉಳ್ಕಂಡಿದ್ದೇ ಹೆಚ್ಚು" ಎಂದು ನನ್ನ ಕಡೆ ಕೈ ತೋರಿಸಿದಳು.

ಸಿಟ್ಟು ಬಂದು ಕಾಫಿ ಲೋಟವನ್ನು ಕೆಳಗಿಟ್ಟೆ. ಹುಡುಗನ ಮೇಲಲ್ಲ, ಅಕ್ಕನ ಮೇಲೂ ಅಲ್ಲ. ಲೋಟ ಹಿಡಿದಿದ್ದ ಈ ಕೈಯ ಮೇಲೆ.

ಭಾವನದು ಅಮೃತೂರು. ಕೊಬ್ಬರಿ ವ್ಯಾಪಾರ. ಹಾಗಲವಾಡಿಯವರೆಗೂ ತೋಟ ತೋಟ ಸುತ್ತುತ್ತಿದ್ದರು. ಗಾಡಿ ತೆಗೆಯುವ ಮೊದಲು ಹೆಗಲ ಮೇಲಿನ ಟವೆಲ್ಲಿನಿಂದ ಹಿಂದಿನ ಸೀಟು ಒರೆಸುವರು. ಮುಂದಿನದನ್ನು ಒರೆಸಿದ್ದು ನಾನು ಕಂಡಿಲ್ಲ. "ಮುಂದೆ ನಾನಿರ್ತೀನಿ, ನನ್ನ ಧೂಳು ನಂಗೇ. ಹಿಂದೆ ಕೂರೋರು ಜೀವಾನೇ ಕೊಟ್ಟು ಕೂತಿರ್ತಾರೆ ಕಣ್ಲಾ" ಎನ್ನುವರು. ಅಕ್ಕ ಅಲ್ಲಿ ಕೂತು ಕುಣಿಗಲ್ ಸಂತೆಗೆ ಹೊರಟರೆ ಓಣಿಯ ಹೆಂಗಸರು, "ಸವಾರಿ ಹೊಂಟ್ತು ನೋಡ್ರೇ" ಎಂದು ರೇಗಿಸುವರು. ಅಕ್ಕ ಸೆರಗು ಸರಿಮಾಡಿಕೊಂಡು ನಗುವಳು.

ನನಗೆ ಕಲಿಸಿದ್ದು ಅವರೇ, ಅದೇ ಬುಲೆಟ್ಟಿನಲ್ಲಿ. ಟೆಸ್ಟಿನ ದಿನ ಬುಲೆಟ್ಟಿನಲ್ಲಿ ಎಂಟು ಹಾಕಲು ಹೆದರಿ, ಮೈದಾನದಲ್ಲಿ ಯಾರದೋ ಮೊಪೆಡ್ ಇಸಿದುಕೊಂಡೆ. ಭಾವ ಸಿಡುಕಿದರು. "ಕಲ್ತಿದ್ದು ಇದ್ರಲ್ಲಿ, ತೋರ್ಸೋದು ಅದ್ರಲ್ಲಾ? ನಾಳೆ ಓಡ್ಸೋದು ಇನ್ಯಾವುದ್ರಲ್ಲಿ? ನಿನ್ನ ಕಾಲಿಗೆ ಯಾವುದ್ಲಾ ಗೊತ್ತಿರೋದು?"

ನಾನು ಕಾಲು ಊರದೆ ಪಾಸಾದೆ. ಆಮೇಲೆ ಹೊಸ ಬೈಕು ಕೊಂಡೆ. ಅದರಲ್ಲಿ ಎಲ್ಲ ಉಲ್ಟಾ: ಗೇರು ಎಡಕ್ಕೆ, ಬ್ರೇಕು ಬಲಕ್ಕೆ.

"ಕಾಲು ಹಳೇದ ಮರೀಬೇಕು ಕಣೋ. ಅಲ್ಲೀವರ್ಗೂ ಒಬ್ನೇ ಓಡ್ಸು, ಯಾರ್ನೂ ಕೂರಿಸ್ಕಬ್ಯಾಡ" ಎಂದರು ಭಾವ.

ಅದೇ ವಾರ ವ್ಯಾಪಾರಕ್ಕೆಂದು ಬಸ್ಸಿನಲ್ಲಿ ಗುಬ್ಬಿಗೆ ಬಂದಿದ್ದ ಅವರನ್ನೇ ಬಲವಂತ ಮಾಡಿ ಹಿಂದೆ ಕೂರಿಸಿಕೊಂಡು ಊರಿಗೆ ಹೊರಟೆ. ಕುಣಿಗಲ್ ದಾಟಿ ಅಮೃತೂರಿನ ರಸ್ತೆಯಲ್ಲಿ ತೆಂಗಿನ ಸಿಪ್ಪೆ ತುಂಬಿದ ಟ್ರ್ಯಾಕ್ಟರ್ ತೋಟದಿಂದ ಅಡ್ಡ ಬಂತು. ನನ್ನ ಎಡಗಾಲು ಇದ್ದ ಬಲವೆಲ್ಲ ಹಾಕಿ ತುಳಿಯಿತು. ತುಳಿದದ್ದು ಗೇರನ್ನು. ಗಾಡಿ ನಿಲ್ಲಲಿಲ್ಲ. ನನ್ನ ಅಂಗೈ ತರಚಿತು. ಭಾವನ ಬಲಮೊಣಕಾಲು ಟ್ರೇಲರಿಗೆ ಬಡಿದು ಪುಡಿಯಾಯಿತು.

ಆಸ್ಪತ್ರೆಗೆ ಪೊಲೀಸಿನವರು ಬಂದರು. ನನ್ನ ಲೈಸೆನ್ಸು ಮೊಪೆಡ್ಡಿನದು, ಗೇರಿನ ಗಾಡಿಗೆ ಸಲ್ಲದು. ಸರ್ಕಾರಿ ಕೆಲಸದ ಆರ್ಡರು ಬರುವುದರಲ್ಲಿತ್ತು, ಕೇಸಾದರೆ ತಪ್ಪುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಭಾವ ಹಲ್ಲು ಕಚ್ಚಿಕೊಂಡು, "ನಾನೇ ಓಡಿಸ್ತಿದ್ದೆ ಸಾ" ಎಂದರು. ಅಷ್ಟಕ್ಕೇ ನಿಂತಿದ್ದರೆ ಅದು ಅವರ ದೊಡ್ಡತನವಾಗಿ ಉಳಿಯುತ್ತಿತ್ತು. ಅಕ್ಕ ಅಳುತ್ತಾ ಬಂದು, "ಏನಾಯ್ತೋ?" ಎಂದು ನನ್ನನ್ನೇ ಕೇಳಿದಳು. "ಭಾವ ಸ್ವಲ್ಪ ಸ್ಪೀಡಲ್ಲಿದ್ರು ಕಣಕ್ಕ" ಎಂದೆ. ಈ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಭಾವ ಮಂಚದ ಮೇಲಿಂದ ನನ್ನನ್ನೊಮ್ಮೆ ನೋಡಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ನನ್ ತಮ್ಮನ್ನ ಸಾಯಿಸ್ತಿದ್ರಿ. ಇನ್ ನಿಮ್ ಹಿಂದೆ ಕೂರಕಿಲ್ಲ" ಎಂದಳು ಅಕ್ಕ. ಅವಳು ಹಟಮಾರಿ. ಹೇಳಿದ್ದನ್ನು ಕೊನೆಯವರೆಗೂ ನಡೆಸಿದಳು.

ಮಡಿಸಲಾಗದ ಮೊಣಕಾಲಿಗೆ ಗೇರು ಎತ್ತಲು ಬರಲಿಲ್ಲ. ಬುಲೆಟ್ಟು ಹೋಯಿತು, ಮನೆಗೆ ಮೊಪೆಡ್ ಬಂತು. ನಾನು ಕಳ್ಳದಾರಿ ಹಿಡಿದು ಪಾಸಾದಂಥದ್ದೇ ಒಂದು ಮೊಪೆಡ್. "ಏನ್ ಭಾವಯ್ಯ, ಬುಲೆಟ್ಟು ಮರಿ ಹಾಕ್ತಾ?" ಎಂದು ಜನ ಆಡಿಕೊಂಡರು. ಊರಿನವರು ತಮ್ಮ ಹುಡುಗರನ್ನು ಅವರ ಹತ್ತಿರ ಗಾಡಿ ಕಲಿಯಲು ಕಳಿಸುವುದನ್ನು ನಿಲ್ಲಿಸಿದರು. ಅಕ್ಕ ಕುಣಿಗಲ್ಲಿಗೆ ಪ್ರೈವೇಟ್ ಬಸ್ಸಿನಲ್ಲಿ ಹೊರಟರೆ ಭಾವ ಒಂದು ಕಾಲು ಚಾಚಿಕೊಂಡು ಆ ಬಸ್ಸಿನ ಹಿಂದೆಯೇ ಮೊಪೆಡ್ಡಿನಲ್ಲಿ ಬರುವರು, ಇಳಿದಾಗ ಚೀಲ ಹಿಡಿಯಲು. ಬಸ್ಸು ನಿಂತಲ್ಲೆಲ್ಲ ನಿಲ್ಲುವರು, ಅದರ ಹೊಗೆ ಕುಡಿಯುವರು. ಯಾರೂ ಕೂರದ ಹಿಂದಿನ ಸೀಟನ್ನು ಆಗಲೂ ದಿನಾ ಬೆಳಿಗ್ಗೆ ಒರೆಸುತ್ತಿದ್ದರು. ನಾನು ಅದನ್ನೆಲ್ಲ ನೋಡಿಕೊಂಡು, ಅಕ್ಕನ ಕೈಯ ಮುದ್ದೆ ಉಂಡು, ನನ್ನ ಗೇರಿನ ಬೈಕು ಹತ್ತಿ ಮನೆಗೆ ಹೋಗುತ್ತಿದ್ದೆ. ಅನ್ನ ತಿನ್ನುವ ಬಾಯಿಯೇ ಇದು?

ಭಾವ ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವರ ಕಾಲು ಹಿಡಿದುಕೊಂಡೆ. ಸೊಟ್ಟಗಿದ್ದ ಆ ಬಲಗಾಲನ್ನೇ.

"ಏನ್ಲಾ, ಅದ ಇನ್ನೂ ಇಟ್ಕಂಡಿದೀಯಾ? ಬುಡು."

"ಅಕ್ಕಂಗೆ ಹೇಳ್ಬಿಡ್ತೀನಿ ಭಾವ."

"ಬ್ಯಾಡ ಕಣೋ. ಇಷ್ಟು ವರ್ಷ ಬಸ್ಸಲ್ಲಿ ಓಡಾಡಿದ್ದು ಸುಮ್ನೆ ಅಂತ ಗೊತ್ತಾದ್ರೆ ತಡಕಳಕಿಲ್ಲ ಅವ್ಳು."

ಆ ವಾರವೇ ಹೋದರು. ಅವರು ಬೇಡ ಎಂದದ್ದು ಅವಳ ಮೇಲಿನ ಮಮತೆಯಿಂದ. ನಾನು ಅದನ್ನು ಅಪ್ಪಣೆ ಮಾಡಿಕೊಂಡು ಅದರ ಹಿಂದೆ ಅಡಗಿ ಕೂತೆ. ಸತ್ತವರ ಮಾತಿನ ಮರೆಯಲ್ಲಿ ಎಷ್ಟು ದಿನ ಬೇಕಾದರೂ ಕೂರಬಹುದು. ಅವರು ಎದ್ದು ಬಂದು ಕೇಳುವುದಿಲ್ಲ. ಆದರೆ ಈಗ ಅವರ ಮೊಮ್ಮಗನಿಗೇ ಅವರ ಹೆಸರು ಹೇಳಿ ಹೆದರಿಸುತ್ತಿದ್ದಾರೆ. ಮಗೂ, ಓಡಿಸಿದರೆ ನಿಮ್ಮ ತಾತನ ಥರವೇ ಓಡಿಸು. ನನ್ನ ಥರ ಓಡಿಸಬೇಡ.

ಭಾವನ ಕಾಲಾದರೂ ಹಿಡಿದೆ. ಅವರ ಹಿಂದಿನ ಸೀಟನ್ನು ನಾನು ಯಾರಿಂದ ಕಸಿದುಕೊಂಡೆನೋ ಅವಳ ಮುಂದೆ ತಲೆ ತಗ್ಗಿಸಲಿಲ್ಲ. ತಪ್ಪಾಯಿತು ಎಂದು ಇಂದಿಗೂ ಹೇಳದೆ ಉಳಿದಿರುವುದು ನಿನ್ನೊಬ್ಬಳಿಗೆ, ಅಕ್ಕ.