ಓದುವವನ ಪಾಲಿನ ಬೀಡಿ

ಅರುವತ್ತರ ದಶಕದ ಮೊದಲಲ್ಲಿ ನಾನು ವಾಮದಪದವಿನಿಂದ ಬಂಟ್ವಾಳ ಪೇಟೆಗೆ ಬೀಡಿ ಕಟ್ಟಲು ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಕಟ್ಟಿದ್ದಕ್ಕಿಂತ ಓದಿದ್ದೇ ಹೆಚ್ಚು. ಬೀಡಿ ಕಟ್ಟುವವರ ಕೈಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಹಾಗಾಗಿ ಒಬ್ಬ ಗಟ್ಟಿಯಾಗಿ ಪೇಪರು ಓದಬೇಕು. ಅವನ ಕೆಲಸ ಹಿಂದೆ ಬೀಳದಂತೆ ಸಂಜೆ ಎಲ್ಲರೂ ತಾವು ಕಟ್ಟಿದ್ದರಲ್ಲಿ ಒಂದಿಷ್ಟು ಬೀಡಿ ಅವನ ತಡ್ಪೆಗೆ, ಅಂದರೆ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಮೊರಕ್ಕೆ, ಹಾಕಬೇಕು. ಅದು ನಮ್ಮಲ್ಲಿನ ಕ್ರಮ.

ಆ ವರ್ಷ ನಾವೆಲ್ಲ ಒಟ್ಟಾಗಿ ಮಜೂರಿ ಹೆಚ್ಚಿಸಲು ಕೇಳುವವರಿದ್ದೆವು. ಬೀಡಿ ಕಾರ್ಮಿಕರ ಸಂಘದವರು ಫ್ಯಾಸಿಸಂ ಬಗ್ಗೆ ಒಂದು ಸಣ್ಣ ಪುಸ್ತಕ ಕೊಟ್ಟಿದ್ದರು. ದುಡಿಯುವವರು ಒಗ್ಗಟ್ಟಾದರೆ ಬಂಡವಾಳಗಾರನಿಗೆ ಹೆದರಿಕೆ, ಆಗ ಅವನು ಪಕ್ಕದವನನ್ನೇ ಶತ್ರುವೆಂದು ತೋರಿಸುವವರನ್ನು ಸಾಕುತ್ತಾನೆ ಎಂದು ನಾನು ವಾರವಿಡೀ ಮೇಷ್ಟ್ರ ಠೀವಿಯಲ್ಲಿ ಓದಿದೆ.

ಮರುವಾರ ಧಣಿ ಬಂದು, "ಜಾಗ ಸಾಲುವುದಿಲ್ಲ. ಬ್ಯಾರಿಗಳು ಹಿಂದಿನ ಕೋಣೆಯಲ್ಲಿ ಕೂತುಕೊಳ್ಳಲಿ, ಉಳಿದವರು ಇಲ್ಲೇ ಇರಿ" ಎಂದರು. ಬ್ಯಾರಿಗಳೆಂದರೆ ನಮ್ಮ ಕಡೆಯ ಮುಸಲ್ಮಾನರು. ನನಗೆ ಖುಷಿಯೋ ಖುಷಿ! ಕಾಲು ಚಾಚಬಹುದು, ಕಿಟಕಿಯಿಂದ ನದಿಯ ಗಾಳಿ ಬೇರೆ. ಎರಡನೆಯ ದಿನ ನಮ್ಮ ಕಡೆಯವನೊಬ್ಬ, "ಅವರು ಧಣಿಯ ಹತ್ತಿರ ಬೇರೆಯೇ ಮಾತಾಡಿದ್ದಾರಂತೆ, ಮಜೂರಿ ಕೇಳಲು ಬರುವುದಿಲ್ಲವಂತೆ" ಎಂದ. ಇರಬಹುದೆಂದು ನಾನೂ ತಲೆಯಾಡಿಸಿದೆ.

ಆ ಸಂಜೆ, ಅಷ್ಟು ವರ್ಷ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಬ್ಯಾರಿ ಕಾಕ ಹಿಂದಿನ ಕೋಣೆಯವರ ಪಾಲಿನ ಬೀಡಿಗಳನ್ನೆಲ್ಲ ತಂದು ನನ್ನ ತಡ್ಪೆಗೆ ಸುರಿದರು.

"ಕಾಕ, ನಾನು ಓದುವುದು ನಿಮಗೆ ಅಲ್ಲಿ ಕೇಳ್ತದಾ?"

"ಒಂದಕ್ಷರ ಕೇಳುವುದಿಲ್ಲ ಮಾರಾಯ. ಆದರೆ ನೀನು ಓದುವುದು ಉಂಟಲ್ಲ? ಪಾಲು ಕೊಡ್ಬೇಕು."

ನನಗೆ ನಾಚಿಕೆಯಾಯಿತು. ವಾರವಿಡೀ ಓದಿದ ಪಂಡಿತನಿಗೆ ತನ್ನ ಮೂಗಿನಡಿ ನಡೆದದ್ದು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ತಡ್ಪೆ ಎತ್ತಿಕೊಂಡು ಹಿಂದಿನ ಕೋಣೆಗೆ ನಡೆದೆ. ಓದು ತಪ್ಪುತ್ತದೆಂದು ಗೊಣಗುತ್ತಾ ಮುಂದಿನವರೂ ಒಬ್ಬೊಬ್ಬರಾಗಿ ಬಂದರು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಯಾರ ಎಲೆ ಯಾರ ತಡ್ಪೆಯಲ್ಲಿ ಎಂದು ನಗುವೋ ನಗು. ಆ ವದಂತಿಯೂ ಅಲ್ಲಿಯೇ ಬಯಲಾಯಿತು: ನಾವು ಹಿಂಜರಿದಿದ್ದೇವೆಂದು ಅವರಿಗೂ ಯಾರೋ ಹೇಳಿದ್ದರು! ಧಣಿ ಬಾಗಿಲಲ್ಲಿ ನಿಂತು ನೋಡಿ ಹಿಂದಿರುಗಿದರು. ಮಜೂರಿಯ ಅರ್ಜಿಗೆ ಎಲ್ಲರೂ ಅಂದೇ ಸಹಿಯೋ ಹೆಬ್ಬೆಟ್ಟೋ ಹಾಕಿದೆವು.

"ತಪ್ಪಾಯ್ತು ಕಾಕ, ನನಗೆ ಗೊತ್ತೇ ಆಗಲಿಲ್ಲ" ಎಂದೆ.

ಕಾಕ ಎಲೆ ಕತ್ತರಿಸುವುದನ್ನು ನಿಲ್ಲಿಸಿದರು. "ನಿನ್ನದೊಂದೇ ತಪ್ಪಾ? ಏಳಿ ಎಂದ ಕೂಡಲೇ ನಾವೂ ಎದ್ದು ಬಂದೆವಲ್ಲ ಮಾರಾಯ, ಯಾಕೆ ಅಂತ ಒಂದು ಮಾತು ಕೇಳದೆ."